ಇಂಗ್ಲಿಷ್ ಪರೀಕ್ಷೆಗೆ ಬಾಯಿಪಾಠಕ್ಕಿಂತ ಸ್ವಂತ ವಾಕ್ಯವೇ ಭದ್ರ

ಕನ್ನಡ ಮಾಧ್ಯಮದಲ್ಲಿ ಓದಿ, ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಬರೆಯುವ ಮಕ್ಕಳಲ್ಲಿ ಹೆಚ್ಚಿನವರು ಪರೀಕ್ಷೆ ಹತ್ತಿರವಾದಂತೆ ಗೈಡ್ ಹಿಡಿದು ಕೂರುತ್ತಾರೆ. ಪಾಠದ ಕೊನೆಯ ಪ್ರಶ್ನೆಗಳಿಗೆ ಯಾರೋ ಬರೆದಿಟ್ಟ ಉತ್ತರಗಳನ್ನು, ಅರ್ಥ ಪೂರ್ತಿ ಆಗದಿದ್ದರೂ, ಬೆಳಗ್ಗೆ ಸಂಜೆ ಉರು ಹೊಡೆಯುತ್ತಾರೆ. ಈ ಹೆದರಿಕೆಗೆ ಕಾರಣವಿದೆ. ಉಳಿದ ವಿಷಯಗಳಲ್ಲಿ ಗೊತ್ತಿದ್ದುದನ್ನು ತಮ್ಮ ಭಾಷೆಯಲ್ಲೇ ಹೇಳಿ ದಾಟಬಹುದು, ಇಲ್ಲಿ ಹೇಳುವ ಭಾಷೆಯೇ ಪರೀಕ್ಷೆಗೆ ಒಳಗಾಗುತ್ತದೆ. ಆದರೆ ಹೆದರಿಕೆಗೆ ಕಂಡುಕೊಂಡ ಈ ಪರಿಹಾರ ತಪ್ಪು ಜಾಗದಲ್ಲಿ ಶ್ರಮ ಸುರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಯಿಪಾಠದ ಉತ್ತರ ಅದೇ ಪ್ರಶ್ನೆ ಬಂದರೆ ಮಾತ್ರ ಕೈಹಿಡಿಯುತ್ತದೆ. ಐದಾರು ಪದಗಳ ಸರಿಯಾದ ವಾಕ್ಯ ಕಟ್ಟಲು ಬಂದ ಮಗುವಿಗೆ ಯಾವ ಪ್ರಶ್ನೆ ಬಂದರೂ ಬರೆಯಲು ಏನಾದರೂ ಇರುತ್ತದೆ. ತಯಾರಿಯ ಸಮಯದ ಅರ್ಧವನ್ನಾದರೂ ಗೈಡಿನಿಂದ ಬಿಡಿಸಿ ಈ ಕೆಲಸಕ್ಕೆ ಕೊಡಬೇಕು.

ಇದಕ್ಕೆ ಮೊದಲ ಆಧಾರ ಪ್ರಶ್ನೆಪತ್ರಿಕೆಯಲ್ಲೇ ಇದೆ. ದ್ವಿತೀಯ ಭಾಷೆಯ 100 ಅಂಕಗಳಲ್ಲಿ 20 ಶಾಲೆಯ ಆಂತರಿಕ ಮೌಲ್ಯಮಾಪನದ್ದು, 80 ಲಿಖಿತ ಪರೀಕ್ಷೆಯದು. ಇತ್ತೀಚಿನ ವರ್ಷಗಳ ಮಾದರಿಯಲ್ಲಿ ಈ 80ರೊಳಗೆ ಪತ್ರಕ್ಕೆ 5, ಪ್ರಬಂಧಕ್ಕೆ 4, ಹಿಂದೆ ಓದಿರದ ಗದ್ಯಭಾಗವನ್ನು ಕೊಟ್ಟು ಕೇಳುವ ಪ್ರಶ್ನೆಗಳಿಗೆ 4 ಅಂಕ ಇರುತ್ತವೆ. ಸುಳಿವುಗಳಿಂದ ವ್ಯಕ್ತಿಪರಿಚಯ ಬರೆಯುವುದು, ಸುಳಿವುಗಳಿಂದ ಕಥೆ ಬೆಳೆಸುವುದು, ಚಿತ್ರವನ್ನು ನೋಡಿ ವರ್ಣಿಸುವುದು ಇವಕ್ಕೆ ತಲಾ 3. ಎಲ್ಲ ಕೂಡಿಸಿದರೆ 22, ಅಂದರೆ ಲಿಖಿತ ಪರೀಕ್ಷೆಯ ಕಾಲು ಭಾಗಕ್ಕಿಂತ ಹೆಚ್ಚು. ಈ 22 ಅಂಕಗಳಿಗೆ ಪಠ್ಯಪುಸ್ತಕದ ಯಾವ ಪಾಠವೂ ನೆನಪಿರಬೇಕಿಲ್ಲ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕಗಳ ಪ್ರಶ್ನೆಗಳಲ್ಲಿ ಬೇಕಾದ ವಿಷಯವನ್ನು ಪರೀಕ್ಷಾ ಮಂಡಳಿಯೇ ಕೈಗಿಟ್ಟಿರುತ್ತದೆ: ಸುಳಿವು, ಚಿತ್ರ, ಗದ್ಯಭಾಗ. ಮಗು ಮಾಡಬೇಕಾದ್ದು ವಾಕ್ಯ ಕಟ್ಟುವುದಷ್ಟೇ. ಹೀಗಿದ್ದೂ ಬಾಯಿಪಾಠಕ್ಕೆ ಸಿಗದ ಭಾಗವೆಂಬ ಒಂದೇ ಕಾರಣಕ್ಕೆ ಎಷ್ಟೋ ಮಕ್ಕಳು ಇದನ್ನು ಕೊನೆಗೆ ಬಿಡುತ್ತಾರೆ, ಇಲ್ಲವೇ ಸುಳಿವುಗಳನ್ನೇ ಮತ್ತೆ ನಕಲು ಮಾಡಿ ಮುಗಿಸುತ್ತಾರೆ.

ಆದ್ದರಿಂದ ತಯಾರಿಯ ಮೊದಲ ಹೆಜ್ಜೆಯಾಗಿ ಹಳೆಯ ಮೂರು ನಾಲ್ಕು ಪ್ರಶ್ನೆಪತ್ರಿಕೆಗಳನ್ನು ಎದುರಿಗಿಟ್ಟುಕೊಳ್ಳಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳೂ ಮಾದರಿ ಉತ್ತರಗಳೂ ಸಿಗುತ್ತವೆ. ಉತ್ತರ ಬರೆಯುವ ಅವಸರ ಬೇಡ. ಯಾವ ಪ್ರಶ್ನೆಗೆ ಪಾಠ ಓದಿರಬೇಕು, ಯಾವುದಕ್ಕೆ ವ್ಯಾಕರಣ ಬೇಕು, ಯಾವುದಕ್ಕೆ ಎರಡೂ ಬೇಡ ಎಂದು ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಪೆನ್ಸಿಲಿನಿಂದ ಗುರುತು ಹಾಕಿ. ಮಾದರಿ ಉತ್ತರದಲ್ಲಿ ಅಂಕಗಳು ಹೇಗೆ ಹಂಚಿಹೋಗಿವೆ ಎಂಬುದನ್ನೂ ನೋಡಿ. ಈ ವರ್ಷದ ಪ್ರಶ್ನೆಪತ್ರಿಕೆಯ ಸ್ವರೂಪ ಬದಲಾಗಿದೆಯೇ ಎಂಬುದನ್ನು ನಿಮ್ಮ ಇಂಗ್ಲಿಷ್ ಶಿಕ್ಷಕರಿಂದ ಖಚಿತಪಡಿಸಿಕೊಂಡ ಮೇಲೆಯೇ ವೇಳಾಪಟ್ಟಿ ಹಾಕಿ.

ಎರಡನೆಯ ಹೆಜ್ಜೆ ವಾಕ್ಯದ್ದು, ಹೆಚ್ಚು ದಿನ ಬೇಡುವುದೂ ಇದೇ. ಕನ್ನಡದ ಮಕ್ಕಳು ಇಂಗ್ಲಿಷಿನಲ್ಲಿ ಮಾಡುವ ತಪ್ಪುಗಳು ಸಾವಿರ ಬಗೆಯವೆಂದು ಕಂಡರೂ ಬಹುಪಾಲು ತಪ್ಪುಗಳ ಬೇರು ನಾಲ್ಕೈದೇ, ಅವು ಕನ್ನಡದ ವಾಕ್ಯರಚನೆಯಿಂದಲೇ ಹುಟ್ಟುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ‘ಅವನು ಒಳ್ಳೆಯ ಹುಡುಗ’ ಎಂಬ ವಾಕ್ಯಕ್ಕೆ ನಮ್ಮಲ್ಲಿ ಕ್ರಿಯಾಪದವೇ ಬೇಕಿಲ್ಲ. ಅದರಿಂದಾಗಿ ‘ಹೀ ಗುಡ್ ಬಾಯ್’ ಎಂದು ಬರೆದ ಮಗುವಿಗೆ ಏನೋ ಬಿಟ್ಟುಹೋಗಿದೆ ಅನ್ನಿಸುವುದೇ ಇಲ್ಲ. ಅಲ್ಲಿ ‘ಈಸ್’ ಬೇಕು, ಜೊತೆಗೆ ನಮ್ಮ ಭಾಷೆಯಲ್ಲಿ ಇಲ್ಲದ ‘ಎ’ ಕೂಡ ಬೇಕು. ‘ಅವನಿಗೆ ಇಬ್ಬರು ಮಕ್ಕಳಿದ್ದಾರೆ’ ಎನ್ನುವಾಗ ನಾವು ಚತುರ್ಥಿ ವಿಭಕ್ತಿ ಹಚ್ಚುತ್ತೇವೆ, ಇಂಗ್ಲಿಷಿನಲ್ಲಿ ಅದು ‘ಹೀ ಹ್ಯಾಸ್ ಟೂ ಚಿಲ್ಡ್ರನ್’. ‘ದಿನಾ ಶಾಲೆಗೆ ಹೋಗುತ್ತೇನೆ’, ‘ನಾಳೆ ಊರಿಗೆ ಹೋಗುತ್ತೇನೆ’ ಎರಡಕ್ಕೂ ನಮ್ಮಲ್ಲಿ ಕ್ರಿಯಾಪದದ ರೂಪ ಒಂದೇ. ಇಂಗ್ಲಿಷಿನಲ್ಲಿ ಮೊದಲನೆಯದು ‘ಗೋ’, ಎರಡನೆಯದು ‘ವಿಲ್ ಗೋ’. ಬೇರೆಯವರ ಮಾತನ್ನು ವರದಿ ಮಾಡುವಾಗಲೂ ಅಷ್ಟೇ. ‘ನಾನು ಬರುತ್ತೇನೆ ಎಂದು ರವಿ ಹೇಳಿದ’ ಎಂಬಲ್ಲಿ ರವಿಯ ‘ನಾನು’ ಹಾಗೆಯೇ ಉಳಿಯಬಹುದು. ಇಂಗ್ಲಿಷಿನ ಪರೋಕ್ಷ ವಾಕ್ಯದಲ್ಲಿ ಅದು ‘ಹೀ’ ಆಗಬೇಕು, ಕಾಲವೂ ಹಿಂದಕ್ಕೆ ಸರಿಯಬೇಕು. ಈ ಐದು ವ್ಯತ್ಯಾಸಗಳನ್ನು ತಿಳಿದ ಮಗು ತನ್ನ ತಪ್ಪನ್ನು ತಾನೇ ಹುಡುಕಬಲ್ಲದು. ಕನ್ನಡ ವ್ಯಾಕರಣದ ಪಾಠ ಇಂಗ್ಲಿಷಿಗೆ ಉಪಕಾರಿಯಾಗುವುದು ಇಲ್ಲಿಯೇ. ಕರ್ತೃ, ಕರ್ಮ, ಕ್ರಿಯಾಪದ ಎಂದು ಕನ್ನಡ ವಾಕ್ಯವನ್ನು ಬಿಡಿಸಬಲ್ಲ ಮಗುವಿಗೆ ಇಂಗ್ಲಿಷಿನಲ್ಲಿ ಕ್ರಮ ಬದಲಿಸುವುದಷ್ಟೇ ಉಳಿದಿರುತ್ತದೆ.

ಅಭ್ಯಾಸ ಹೀಗಿರಲಿ. ದಿನಕ್ಕೆ ಹತ್ತೇ ವಾಕ್ಯ. ಮೊದಲ ಎರಡು ವಾರ ಮನೆ, ಊರು, ಶಾಲೆ, ಸಂತೆ, ಹೊಲ ಹೀಗೆ ನಿಮಗೆ ಕಣ್ಣಿಗೆ ಕಟ್ಟಿದಂತಿರುವ ವಿಷಯಗಳ ಮೇಲೆ ವರ್ತಮಾನಕಾಲದ ವಾಕ್ಯ ಬರೆಯಿರಿ. ಮುಂದಿನ ಎರಡು ವಾರ ನಿನ್ನೆ ನಡೆದದ್ದನ್ನು ಭೂತಕಾಲದಲ್ಲಿ ಬರೆಯಿರಿ. ಒಂದು ವಾಕ್ಯಕ್ಕೆ ಒಂದೇ ಕ್ರಿಯೆ ಸಾಕು. ಬರೆದಾದ ಮೇಲೆ ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಅಡಿಗೆರೆ ಎಳೆಯಿರಿ. ಗೆರೆ ಎಳೆಯಲು ಏನೂ ಸಿಗಲಿಲ್ಲವೆಂದರೆ ತಪ್ಪು ಅಲ್ಲೇ ಸಿಕ್ಕಿತು. ಉದ್ದ ವಾಕ್ಯ ಬರೆದರೆ ಹೆಚ್ಚು ಅಂಕ ಬರುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಪದ ಹೆಚ್ಚಿದಂತೆ ತಪ್ಪಿಗೆ ಅವಕಾಶವೂ ಹೆಚ್ಚುತ್ತದೆ.

ಈ ವಾಕ್ಯಗಳು ಕೈಗೆ ಹತ್ತಿದ ಮೇಲೆ ಮೂರನೆಯ ಹೆಜ್ಜೆ ಸುಲಭ. ವ್ಯಕ್ತಿಪರಿಚಯದಲ್ಲಿ ವಯಸ್ಸು, ಕುಟುಂಬ, ವಿದ್ಯಾಭ್ಯಾಸ, ಹವ್ಯಾಸ, ಜನಪ್ರಿಯತೆಗೆ ಕಾರಣ ಇಂಥ ಸುಳಿವುಗಳಿರುತ್ತವೆ. ಒಂದೊಂದು ಸುಳಿವಿಗೂ ಒಂದು ಕ್ರಿಯಾಪದ ಕೊಟ್ಟರೆ ಪರಿಚಯ ತಾನಾಗಿ ಸಿದ್ಧವಾಗುತ್ತದೆ: ವಯಸ್ಸಿಗೆ ‘ಈಸ್’, ಮಕ್ಕಳಿಗೆ ‘ಹ್ಯಾಸ್’, ಹವ್ಯಾಸಕ್ಕೆ ‘ಲೈಕ್ಸ್’. ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಭೂತಕಾಲದಲ್ಲೇ ಹೇಳಿ, ನಡುವೆ ವರ್ತಮಾನಕ್ಕೆ ಜಾರುವುದೇ ಅಲ್ಲಿನ ದೊಡ್ಡ ತಪ್ಪು. ಚಿತ್ರವನ್ನು ನೋಡಿದಾಗ ಯಾರಿದ್ದಾರೆ, ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಪತ್ರದಲ್ಲಿ ಕಳಿಸುವವರ ವಿಳಾಸ, ದಿನಾಂಕ, ಸಂಬೋಧನೆ, ಮುಕ್ತಾಯ, ಸಹಿ ಇವುಗಳ ಜಾಗ ತಪ್ಪದಿದ್ದರೆ ಅಂಕದ ಒಂದು ಪಾಲು ಖಚಿತ. ಪ್ರಶ್ನೆಯಲ್ಲಿ ಕಲ್ಪಿಸಿಕೊಳ್ಳಲು ಕೊಟ್ಟ ಹೆಸರು, ಶಾಲೆ, ಊರನ್ನೇ ಬಳಸಿ, ನಿಮ್ಮ ಸ್ವಂತ ಹೆಸರನ್ನು ಎಲ್ಲೂ ಬರೆಯಬೇಡಿ. ಗೆಳೆಯನಿಗೆ ಬರೆಯುವ ಪತ್ರ, ಅಧಿಕಾರಿಗೆ ಬರೆಯುವ ಪತ್ರ ಎರಡರ ರೂಪವನ್ನೂ ವಾರಕ್ಕೊಮ್ಮೆ ಖಾಲಿ ಹಾಳೆಯಲ್ಲಿ ಬರೆದು ನೋಡಿ. ಪ್ರಬಂಧಕ್ಕೆ ಪೀಠಿಕೆ, ಎರಡು ಪ್ಯಾರಾ ವಿಷಯ, ಮುಕ್ತಾಯ ಎಂಬ ಚೌಕಟ್ಟು ಸಾಲುತ್ತದೆ. ಪರಿಸರ, ಅಂತರ್ಜಾಲ, ಸ್ವಚ್ಛತೆ ಎಂದು ಹತ್ತು ಪ್ರಬಂಧಗಳನ್ನು ಉರು ಹೊಡೆಯುವ ಬದಲು ಪ್ರತಿ ವಿಷಯಕ್ಕೂ ಹತ್ತು ಇಂಗ್ಲಿಷ್ ಪದಗಳನ್ನು ಸ್ಪೆಲಿಂಗ್ ಸಮೇತ ಕಲಿತಿಟ್ಟುಕೊಳ್ಳಿ.

ಗದ್ಯಭಾಗವನ್ನು ಓದುವಾಗ ಮೊದಲು ಪ್ರಶ್ನೆಗಳನ್ನು ಓದಿ, ಆಮೇಲೆ ಗದ್ಯಕ್ಕೆ ಹೋಗಿ. ಗೊತ್ತಿಲ್ಲದ ಪದ ಬಂದರೆ ನಿಲ್ಲಬೇಡಿ, ಆ ವಾಕ್ಯದ ಉಳಿದ ಪದಗಳು ಅರ್ಥದ ಜಾಡು ತೋರಿಸುತ್ತವೆ. ಉತ್ತರದ ಸಾಲು ಸಿಕ್ಕಿದೊಡನೆ ಅದನ್ನು ಹಾಗೇ ಇಳಿಸಬೇಡಿ. ಪ್ರಶ್ನೆ ಕೇಳಿದ್ದು ಯಾರು ಎಂದೋ, ಏಕೆ ಎಂದೋ ನೋಡಿ ಬೇಕಾದ ಭಾಗವನ್ನಷ್ಟೇ ಬರೆಯಿರಿ. ಅಭ್ಯಾಸಕ್ಕೆ ಎಂಟು, ಒಂಬತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕಗಳೇ ಸಾಕು.

ಹಾಗಾದರೆ ಪಾಠ, ಪದ್ಯಗಳ ಗತಿಯೇನು, ಹೆಚ್ಚು ಅಂಕ ಅಲ್ಲೇ ಅಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಪಾಠಗಳನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ, ಅವನ್ನು ಓದುವ ಬಗೆ ಬದಲಾಗಲಿ ಎನ್ನುತ್ತಿದ್ದೇನೆ. ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಪಾಠವನ್ನೇ ತೆಗೆದುಕೊಳ್ಳಿ. ತಂದೆ ಸ್ವಾಮಿಗೆ ಒಬ್ಬನೇ ಮಲಗುವಂತೆ ಹೇಳಿದ್ದು, ಅವನು ಕತ್ತಲಿಗೆ ಹೆದರಿದ್ದು, ಯಾರೋ ಬಂದದ್ದು, ಸ್ವಾಮಿ ಆ ವ್ಯಕ್ತಿಯ ಕಾಲಿಗೆ ಹಲ್ಲು ಊರಿದ್ದು, ಕಳ್ಳ ಸಿಕ್ಕಿಬಿದ್ದದ್ದು. ಈ ಐದು ಸಂಗತಿಗಳನ್ನು ನಿಮ್ಮದೇ ಐದು ಚಿಕ್ಕ ವಾಕ್ಯಗಳಲ್ಲಿ ಬರೆಯಲು ಬಂದರೆ ‘ಸ್ವಾಮಿ ಏಕೆ ಹೆದರಿದ’, ‘ಅವನನ್ನು ಎಲ್ಲರೂ ಏಕೆ ಹೊಗಳಿದರು’, ‘ಕಥೆಯ ಸಾರಾಂಶ ಬರೆಯಿರಿ’ ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ. ಗೈಡಿನಲ್ಲಿ ಇವು ಮೂರು ಬೇರೆ ಉತ್ತರಗಳು, ಮೂರು ಬಾರಿ ಬಾಯಿಪಾಠ.

ನೆನಪೇ ಬೇಕಾದ ಜಾಗವೂ ಒಂದಿದೆ. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವುದಕ್ಕೆ 4 ಅಂಕ. ಬಾಯಿಪಾಠದ ಶಕ್ತಿಯನ್ನೆಲ್ಲ ಅಲ್ಲಿಗೆ ಮೀಸಲಿಡಿ. ಅಲ್ಲಿಯೂ ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ಬರೆದು ನೋಡುವುದೇ ಮೇಲು. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಗದ್ಯಭಾಗವನ್ನು ಮರಳಿ ಓದಿದ ವಿದ್ಯಾರ್ಥಿಗಳಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ವಾರ ಕಳೆದು ಕೇಳಿದಾಗ ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರೇ ಮುಂದಿದ್ದರು. ಹಿಂದಿನ ರಾತ್ರಿ ಓದಿದ್ದು ಚೆನ್ನಾಗಿ ಬರುತ್ತಿದೆ ಎಂಬ ಭರವಸೆ ಎಷ್ಟು ಅಲ್ಪಾಯುಷಿ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಶಿಕ್ಷಕರಿಂದಲೇ ಬರುತ್ತದೆ. ಅಕ್ಷರ ಕೂಡಿಸಿ ಓದಲೂ ತಡವರಿಸುವ ಮಗುವಿಗೆ ವಾಕ್ಯ ಕಟ್ಟಲು ಕಲಿಸುವಷ್ಟು ಸಮಯ ಎಲ್ಲಿದೆ, ಪಾಸಾಗುವಷ್ಟು ಉತ್ತರಗಳ ‘ಪಾಸಿಂಗ್ ಪ್ಯಾಕೇಜ್’ ಕೊಟ್ಟು ದಡ ಸೇರಿಸುವುದೇ ಕರುಣೆ ಎನ್ನುತ್ತಾರೆ. ಅವರ ಕಷ್ಟ ನಿಜ, ಮಗುವಿನ ಮೇಲಿನ ಕಾಳಜಿಯೂ ನಿಜ. ಆದರೆ ಅರ್ಥವಾಗದ ಸಾಲನ್ನು ನೆನಪಿಡುವುದು ದುರ್ಬಲ ಮಗುವಿಗೇ ಹೆಚ್ಚು ಕಷ್ಟ. ಸಾಲಿನ ನಡುವೆ ಒಂದು ಪದ ಮರೆತರೆ ಮುಂದಿನದೂ ಹೋಯಿತು, ಅದನ್ನು ಮತ್ತೆ ಜೋಡಿಸುವ ದಾರಿ ಮಗುವಿಗೆ ಗೊತ್ತಿರುವುದಿಲ್ಲ. ನಕಲು ತಡೆಯಲು ಪರೀಕ್ಷಾ ಕೊಠಡಿಗಳ ಮೇಲೆ ಕ್ಯಾಮೆರಾ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಅದು ಎಲ್ಲ ವಿಷಯಗಳ ಲೆಕ್ಕ, ಇಂಗ್ಲಿಷೊಂದರದ್ದಲ್ಲ. ಕುಸಿತಕ್ಕೆ ವೆಬ್‌ಕಾಸ್ಟಿಂಗ್ ಒಂದೇ ಕಾರಣವೆಂದೂ ಹೇಳಲಾಗದು. ಆದರೂ ಎರವಲು ಉತ್ತರದ ಆಸರೆ ತಪ್ಪಿದಾಗ ಎಷ್ಟು ಮಕ್ಕಳು ಬರಿಗೈಯಲ್ಲಿ ಉಳಿಯಬಹುದು ಎಂಬ ಎಚ್ಚರಿಕೆ ಆ ಅಂಕಿಯಲ್ಲಿದೆ. ವ್ಯಕ್ತಿಪರಿಚಯ, ಚಿತ್ರವರ್ಣನೆ, ಪತ್ರದ ರೂಪ, ಗದ್ಯಭಾಗ ಈ ನಾಲ್ಕನ್ನೇ ತೆಗೆದುಕೊಂಡು ಎರಡು ತಿಂಗಳು ಅಭ್ಯಾಸ ಮಾಡಿಸಿದರೆ ದುರ್ಬಲ ಮಗುವಿಗೂ ಒಂದು ನೆಲೆ ಸಿಗುತ್ತದೆ. ಪಾಸಿಂಗ್ ಪ್ಯಾಕೇಜ್ ಇರಲೇಬೇಕೆಂದರೆ ಅದರ ಮೊದಲ ಪುಟ ಇದಾಗಲಿ.

ಮನೆಯಲ್ಲಿ ಇಂಗ್ಲಿಷ್ ಬಲ್ಲವರಿಲ್ಲ, ತಿದ್ದುವವರು ಯಾರು ಎಂಬ ಅಳಲೂ ಇದೆ. ತಂದೆತಾಯಿಗೆ ಇಂಗ್ಲಿಷ್ ಬರಬೇಕಿಲ್ಲ. ಮಗು ಇಂದು ಹತ್ತು ವಾಕ್ಯ ಬರೆಯಿತೇ, ಅದರ ಅರ್ಥವನ್ನು ಕನ್ನಡದಲ್ಲಿ ಹೇಳಬಲ್ಲದೇ ಎಂದು ಕೇಳಿದರೆ ಸಾಕು. ಅರ್ಥ ಹೇಳಲು ಬಾರದ ವಾಕ್ಯ ಎಲ್ಲಿಂದಲೋ ಇಳಿಸಿದ್ದು. ವಾರಕ್ಕೊಮ್ಮೆ ಆ ಹಾಳೆಗಳು ಶಿಕ್ಷಕರ ಮೇಜಿಗೆ ಹೋಗಲಿ. ಇಬ್ಬರು ಗೆಳೆಯರು ಹಾಳೆ ಬದಲಿಸಿಕೊಂಡು ಕ್ರಿಯಾಪದಗಳನ್ನು ಪರೀಕ್ಷಿಸಿಕೊಂಡರೂ ಅರ್ಧ ತಪ್ಪು ಅಲ್ಲಿಯೇ ಕಳೆಯುತ್ತದೆ. ಮೊಬೈಲ್ ಇದ್ದರೆ ಪದದ ಅರ್ಥ, ಉಚ್ಚಾರಣೆ ನೋಡಲು ಬಳಸಿ. ಇಡೀ ಉತ್ತರ ಬರೆಸಿಕೊಳ್ಳಲು ಬಳಸಿದರೆ ಅದು ಗೈಡಿನ ಇನ್ನೊಂದು ರೂಪವಷ್ಟೇ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷ ಅಮೂಲ್ಯ. ಆಗ ಗದ್ಯಭಾಗವನ್ನು ಒಮ್ಮೆ ಓದಿ, ಪತ್ರ ಮತ್ತು ಪ್ರಬಂಧದ ವಿಷಯ ಆರಿಸಿಕೊಳ್ಳಿ. ಬರೆಯಲು ಬಿಟ್ಟೊಡನೆ ಪದ್ಯ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಅದನ್ನು ಬರೆದುಬಿಡಿ, ಪ್ರಶ್ನೆಯ ಸಂಖ್ಯೆ ಮಾತ್ರ ಸರಿಯಾಗಿ ಹಾಕಿ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಕೊನೆಯ ಹತ್ತು ನಿಮಿಷ ಕ್ರಿಯಾಪದ, ದೊಡ್ಡಕ್ಷರ, ಪೂರ್ಣವಿರಾಮ ಈ ಮೂರನ್ನೇ ನೋಡುತ್ತ ಉತ್ತರಪತ್ರಿಕೆ ತಿರುವಿಹಾಕಿ. ಫಲಿತಾಂಶ ನೆನೆದು ಎದೆಗುಂದಬೇಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ, ಉತ್ತಮ ಅಂಕವನ್ನೇ ಉಳಿಸಿಕೊಳ್ಳಬಹುದು. ಇಂಗ್ಲಿಷ್ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಮಗು ತಾನಾಗಿ ಬರೆದ ತಪ್ಪು ವಾಕ್ಯಕ್ಕೆ ಕೆಂಪು ಗೆರೆ ಎಳೆದು ಬಿಡಬೇಡಿ, ಸರಿಯಾದ ರೂಪವನ್ನು ಅದರ ಮೇಲೆ ಬರೆದುಕೊಡಿ.