ಹಗ್ಗ ಎಳೆಯುವುದು ಬಿಡಿ, ಪ್ಲಗ್ ಬಿಚ್ಚಿ ನೋಡಿ

ಮಳೆ ಹಿಂದೆ ಸರಿದಿದೆ. ಅಡಿಕೆ ತೋಟದಲ್ಲಿ ಮೊಣಕಾಲೆತ್ತರ ಹುಲ್ಲು. ಕೊಯ್ಲಿಗೆ ಮೊದಲು ತೋಟ ಚೊಕ್ಕಟವಾಗಬೇಕೆಂದು ಅಟ್ಟದಿಂದ ಕಳೆ ಕೊಚ್ಚುವ ಯಂತ್ರ ಇಳಿಸಿದರೆ, ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತೇ ಹೊರತು ಎಂಜಿನ್ ಮಿಸುಕಲಿಲ್ಲ. ಪೇಟೆಗೆ ಒಯ್ದರೆ ಈ ಹಂಗಾಮಿನಲ್ಲಿ ಮೆಕ್ಯಾನಿಕ್ಕಿನ ಮುಂದೆ ಆಗಲೇ ಯಂತ್ರಗಳ ಸಾಲು.

ಹೆಚ್ಚಿನ ತೊಂದರೆಗಳನ್ನು ಅಂಗಳದಲ್ಲೇ ಕೂತು ಸರಿಪಡಿಸಬಹುದು. ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಷ್ ಇದ್ದರೆ ಸಾಕು. ಎಂಜಿನ್ನಿಗೆ ಬೇಕಾದ್ದು ಪೆಟ್ರೋಲ್, ಗಾಳಿ, ಕಿಡಿ ಮತ್ತು ಒತ್ತಡ. ಯಾವುದು ಕೈಕೊಟ್ಟಿದೆ ಎಂಬುದನ್ನು ಹುಡುಕಲು ಒಳ್ಳೆಯ ಸಾಕ್ಷಿ ಪ್ಲಗ್.

ಕೆಲಸಕ್ಕೆ ಮೊದಲು ಪ್ಲಗ್ಗಿನ ಕ್ಯಾಪ್ ಕಿತ್ತು, ಬ್ಲೇಡ್ ಕಳಚಿಡಿ; ಸ್ಟಾರ್ಟ್ ಮಾಡಿ ನೋಡುವಾಗ ಮಾತ್ರ ಕ್ಯಾಪ್ ಮತ್ತೆ ಸಿಕ್ಕಿಸಿ. ಹತ್ತಿರ ಬೀಡಿ, ಬೆಂಕಿ ಬೇಡ.

1. ಸ್ವಿಚ್ ಮತ್ತು ಚೋಕ್

ಸ್ವಿಚ್ ಆನ್ ಆಗಿದೆಯೇ, ಅದರ ವೈರನ್ನು ಇಲಿ ಕಡಿದಿದೆಯೇ ನೋಡಿ. ಕಾರ್ಬೊರೇಟರ್ ಕೆಳಗಿನ ರಬ್ಬರ್ ಗುಳ್ಳೆಯನ್ನು ಆರೇಳು ಸಲ ಒತ್ತಿ. ಪೆಟ್ರೋಲ್ ತುಂಬಿಕೊಳ್ಳಬೇಕು, ಬರೀ ಗಾಳಿ ಬಂದರೆ ಗುಳ್ಳೆ ಅಥವಾ ಪೈಪ್ ಬಿರಿದಿರಬಹುದು. ತಣ್ಣಗಿರುವ ಎಂಜಿನ್ನಿಗೆ ಚೋಕ್ ಹಾಕಿ, ಒಮ್ಮೆ ‘ಡುರ್’ ಎಂದೊಡನೆ ತೆಗೆಯಿರಿ.

2. ಹಳೆಯ ಪೆಟ್ರೋಲ್

ಬಂಕಿನ ಪೆಟ್ರೋಲಿನಲ್ಲಿ ಈಗ ಶೇ 20ರವರೆಗೂ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ಹೆಚ್ಚಾದಾಗ ಎರಡೂ ಸೇರಿ ಬೇರೆಯಾಗಿ ತಳಕ್ಕಿಳಿಯುತ್ತವೆ. ಟ್ಯಾಂಕಿನ ಪೈಪ್ ಹೀರುವುದು ಆ ತಳದಿಂದಲೇ! ಹಳೆಯದನ್ನು ಗಾಜಿನ ಬಾಟಲಿಗೆ ಬಸಿದು ಸ್ವಲ್ಪ ಹೊತ್ತು ಬಿಡಿ. ಎರಡು ಪದರ ಕಂಡರೆ ಕಾರಣ ಸಿಕ್ಕಿತು. ಪದರ ಕಾಣದಿದ್ದರೂ ತಿಂಗಳುಗಟ್ಟಲೆ ಕೂತ ಪೆಟ್ರೋಲ್ ಬೇಡ.

ಟೂ ಸ್ಟ್ರೋಕ್ ಯಂತ್ರವಾದರೆ ಹೊಸ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ. ಹಲವು ಯಂತ್ರಗಳಿಗೆ ಲೀಟರಿಗೆ 20 ಮಿ.ಲೀ., ಕೆಲವಕ್ಕೆ 40 ಮಿ.ಲೀ.; ಕೈಪಿಡಿ ಹೇಳಿದ್ದೇ ಅಂತಿಮ. ಫೋರ್ ಸ್ಟ್ರೋಕಿಗೆ ಬರೀ ಪೆಟ್ರೋಲ್, ಆಯಿಲ್ ಬೇರೆ ಕಡೆ.

3. ಪ್ಲಗ್ ಏನು ಹೇಳುತ್ತದೆ?

ಹತ್ತಾರು ಸಲ ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿ ನೋಡಿ.

ಒದ್ದೆಯಾಗಿದ್ದರೆ: ಪೆಟ್ರೋಲ್ ‘ಓವರ್’ ಆಗಿದೆ. ಸ್ವಿಚ್ ಆಫ್ ಮಾಡಿ, ಚೋಕ್ ತೆಗೆದು, ಪ್ಲಗ್ ಇಲ್ಲದೆಯೇ ಏಳೆಂಟು ಸಲ ಹಗ್ಗ ಎಳೆಯಿರಿ. ಪ್ಲಗ್ ಒರೆಸಿ, ಒಣಗಿಸಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.

ಒಣಗಿದ್ದರೆ: ಪೆಟ್ರೋಲ್ ಒಳಗೆ ಬರುತ್ತಿಲ್ಲ. 5ನೇ ಹಂತಕ್ಕೆ ಹೋಗಿ.

ಕಪ್ಪು ಮಸಿ ಹಿಡಿದಿದ್ದರೆ: ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಆಯಿಲ್ ಹೆಚ್ಚಾಗಿದೆ. ಬ್ರಷ್ಷಿನಿಂದ ಉಜ್ಜಿ. ತುದಿಯ ಸಂದು ಸಾಮಾನ್ಯವಾಗಿ 0.5ರಿಂದ 0.7 ಮಿ.ಮೀ. ಇರಬೇಕು.

4. ಕಿಡಿ

ಎಂಜಿನ್ ಪೆಟ್ರೋಲಿನಲ್ಲಿ ತೊಯ್ದಿರುವಾಗ ಈ ಪರೀಕ್ಷೆ ಬೇಡ. ಆವಿಗೆ ಬೆಂಕಿ ಹೊತ್ತೀತು. ಆರಿದ ಮೇಲೆ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ ತೂತಿನಿಂದ ದೂರ, ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಹಿಡಿಯಿರಿ. ಹಿಡಿಯುವುದು ಕ್ಯಾಪಿನ ರಬ್ಬರನ್ನೇ. ಸ್ವಿಚ್ ಆನ್ ಮಾಡಿ, ಇನ್ನೊಬ್ಬರು ಹಗ್ಗ ಎಳೆದರೆ ನೀಲಿ ಕಿಡಿ ಹಾರಬೇಕು. ಹಾರದಿದ್ದರೆ ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವೆಂದರೆ ತೊಂದರೆ ಕಾಯಿಲ್ ಅಥವಾ ವೈರಿನದು.

5. ಪೆಟ್ರೋಲಿನ ದಾರಿ

ಟ್ಯಾಂಕಿನೊಳಗಿನ ಪೈಪಿನ ತುದಿಯಲ್ಲಿ ಪುಟ್ಟ ಫಿಲ್ಟರ್ ಇರುತ್ತದೆ. ಬಾಗಿಸಿದ ತಂತಿಯಿಂದ ಮೆಲ್ಲಗೆ ಹೊರಗೆಳೆಯಿರಿ, ಕಪ್ಪಾಗಿದ್ದರೆ ಬದಲಿಸಿ. ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೆ ನಿಲ್ಲುವ ಯಂತ್ರದ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಆಗ ಮತ್ತೆ ಓಡಿದರೆ, ಗಾಳಿಯಾಡುವ ತೂತು ಕಟ್ಟಿದೆ ಎಂದರ್ಥ.

6. ಮೂಗು ಮತ್ತು ಬಾಯಿ

ಸ್ಪಂಜಿನ ಏರ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಕಾಗದದ್ದನ್ನು ತೊಳೆಯಬಾರದು, ತಟ್ಟಿ ಧೂಳು ಉದುರಿಸಿ. ಹಾಗೆಯೇ ಸೈಲೆನ್ಸರ್ ಬಾಯಿಗೆ ಟಾರ್ಚ್ ಬಿಟ್ಟು ನೋಡಿ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದ ಯಂತ್ರದೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರುವುದುಂಟು! ಅಲ್ಲಿನ ಜಾಲರಿಯಲ್ಲಿ ಮಸಿ ತುಂಬಿದ್ದರೂ ಎಂಜಿನ್ ಹೊಗೆ ಬಿಡಲಾರದೆ ಕಟ್ಟಿಕೊಳ್ಳುತ್ತದೆ.

7. ಯಾವಾಗ ಮೆಕ್ಯಾನಿಕ್?

ಹಗ್ಗ ಅಲುಗದಷ್ಟು ಬಿಗಿಯಾಗಿದ್ದರೆ ಪಿಸ್ಟನ್ ಹಿಡಿದುಕೊಂಡಿರಬಹುದು; ಆಯಿಲ್ ಬೆರೆಸದೆ ಟೂ ಸ್ಟ್ರೋಕ್ ಓಡಿಸಿದರೆ ಆಗುವುದು ಇದೇ. ತಡೆಯೇ ಇಲ್ಲದೆ ಸಲೀಸಾಗಿ ಬಂದರೆ ಒತ್ತಡ ಸೋರುತ್ತಿದೆ. ಇವೆರಡೂ ಮನೆಮದ್ದಿಗೆ ಬಗ್ಗುವುದಿಲ್ಲ. ಕಾರ್ಬೊರೇಟರಿನ ಸ್ಕ್ರೂಗಳನ್ನೂ ಅಂದಾಜಿನಲ್ಲಿ ತಿರುಗಿಸಬೇಡಿ.

ಎತ್ತಿಡುವ ಮುನ್ನ

ಹಂಗಾಮು ಮುಗಿದಾಗ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಪ್ಲಗ್ ಬಿಚ್ಚಿ, ತೂತಿಗೆ ನಾಲ್ಕು ಹನಿ 2ಟಿ ಆಯಿಲ್ ಬಿಟ್ಟು, ಹಗ್ಗ ಎರಡು ಸಲ ಮೆಲ್ಲಗೆ ಎಳೆದು, ಪ್ಲಗ್ ಮತ್ತೆ ಕೂರಿಸಿ. ತಣಿದ ಸೈಲೆನ್ಸರ್ ಬಾಯಿಗೆ ಕಣಜ ನುಗ್ಗದಂತೆ ಬಟ್ಟೆ ಕಟ್ಟಿ. ಕೆಂಪು ಬಟ್ಟೆಯೇ ಇರಲಿ: ಮುಂದಿನ ಸಲ ಹಗ್ಗ ಎಳೆಯುವ ಮೊದಲು ಅದನ್ನು ಬಿಚ್ಚುವ ನೆನಪಾಗಬೇಕಲ್ಲ!