ಏಳು ಕಿಲೋ ಮೀನು, ನಾಲ್ಕು ಕಿಲೋ ದಾರ: ಪ್ಲವನತೆಯ ಒಂದು ಪಾಠ

ತರಗತಿ: 9
ವಿಷಯ: ವಿಜ್ಞಾನ
ಪಾಠಾಂಶ: ಪ್ಲವನತೆ
ಅವಧಿ: 40 ನಿಮಿಷ

ಹಿನ್ನೆಲೆ

ಮೂಡುಬಿದಿರೆಯಿಂದ ಬೋಧನಾಭ್ಯಾಸಕ್ಕೆಂದು ನಾನು ಹೋದದ್ದು ಬಂಟ್ವಾಳ ತಾಲೂಕಿನ, ನೇತ್ರಾವತಿಗೆ ಹತ್ತಿರದ ಒಂದು ಪ್ರೌಢಶಾಲೆಗೆ. ಪೀಠಿಕೆಯಾಗಿ, ‘ನೀರಿನಿಂದ ನೀವು ಮೇಲೆತ್ತಿದ ಅತಿ ಭಾರದ ವಸ್ತು ಯಾವುದು?’ ಎಂದು ಕೇಳಿದೆ. ಅದುವರೆಗೆ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಅವನೂ ಅವನ ಮಾವನೂ ಸಣ್ಣ ಮೀನಿಗೆಂದು ಗಾಳ ಹಾಕಿದ್ದರು. ಸಿಕ್ಕಿದ್ದು ಏಳು ಕಿಲೋದ ಕಾಟ್ಲಾ.

‘ದಾರ ಎಂಥದ್ದು?’

‘ನಾಲ್ಕು ಕಿಲೋ ತಾಳುವ ತಂಗೂಸು ಸರ್.’

ನಾನು ಕರಿಹಲಗೆಯಲ್ಲಿ 7 > 4 ಎಂದು ಬರೆದು, ‘ಹಾಗಾದರೆ ತುಂಡಾಗಬೇಕಿತ್ತಲ್ಲ?’ ಎಂದೆ. ತರಗತಿ ನಕ್ಕಿತು. ‘ತುಂಡಾಗ್ಲಿಲ್ಲ ಸರ್’ ಎಂದಷ್ಟೇ ಹೇಳಿ ಅವನು ಕುಳಿತ. ಮತ್ತೆ ಕೈ ಎತ್ತಲಿಲ್ಲ.

ಸಂಜೆ ಪಾಠ ಯೋಜನೆ ತೆರೆದಾಗ ನನ್ನ ತಪ್ಪು ತಿಳಿಯಿತು. ನಾನು ಕಲಿಸಹೊರಟ ತತ್ತ್ವವೇ ಅವನ ಉತ್ತರದಲ್ಲಿತ್ತು.

ಮರುದಿನದ ಚಟುವಟಿಕೆಗಳು

1. 500 ಗ್ರಾಂ ಕಲ್ಲನ್ನು ಸ್ಪ್ರಿಂಗ್ ತ್ರಾಸಿಗೆ ತೂಗುಹಾಕಿ ನೀರಲ್ಲಿ ಮುಳುಗಿಸಿದೆವು. ಅಳತೆ ಸುಮಾರು 310 ಗ್ರಾಂಗೆ ಇಳಿಯಿತು.
2. ಕಲ್ಲಿನ ಬದಲು ನೀರು ತುಂಬಿದ ಪ್ಲಾಸ್ಟಿಕ್ ಚೀಲ ಕಟ್ಟಿದೆವು. ಮುಳುಗಿದಾಗ ಅಳತೆ ಹೆಚ್ಚುಕಡಿಮೆ ಸೊನ್ನೆ. ಮೀನಿನ ಸಾಂದ್ರತೆಯೂ ನೀರಿನದಕ್ಕೆ ಹತ್ತಿರ. ಹಾಗಾಗಿ ನೀರೊಳಗೆ ದಾರ ಅದರ ತೂಕವನ್ನು ಹೊರುವುದಿಲ್ಲ, ಅದು ಈಜಿ ಎಳೆಯುವ ಬಲವನ್ನಷ್ಟೇ ತಾಳಬೇಕು.
3. ನೀರು ತುಂಬಿದ 2 ಲೀಟರ್ ಬಾಟಲಿಗೆ ಹೊಲಿಗೆ ನೂಲು ಕಟ್ಟಿ, ಬಕೆಟ್ಟಿನ ನೀರೊಳಗೆ ಮೆಲ್ಲನೆ ಎಳೆದಾಗ ನೂಲು ತಾಳಿತು. ನೀರಿನಿಂದ ಮೇಲೆತ್ತಿದಾಗ ತುಂಡಾಯಿತು. ಹೊಸ ನೂಲು ಕಟ್ಟಿ ನೀರೊಳಗೇ ಥಟ್ಟನೆ ಜಗ್ಗಿದಾಗಲೂ ತುಂಡಾಯಿತು.

ಮೂರನೆಯದರ ಕಾರಣ ಕೇಳಿದಾಗ ಹುಡುಗನೇ ಎದ್ದ: ‘ಮಾವ ಜಗ್ಗಲಿಲ್ಲ ಸರ್. ಮೀನು ಓಡುವಾಗ ದಾರ ಬಿಟ್ರು, ನಿಂತಾಗ ಸುತ್ತಿದ್ರು. ದಡಕ್ಕೆ ಬಂದ ಮೇಲೆ ಕೈಯಲ್ಲೇ ಎತ್ತಿದ್ರು.’ ಇದಕ್ಕೆ ನಾನು ಸೇರಿಸಿದ್ದು ಒಂದೇ ಮಾತು: ನೀರು ತೂಕವನ್ನು ಹೊರುತ್ತದೆ, ರಾಶಿಯನ್ನು ಕಡಿಮೆ ಮಾಡುವುದಿಲ್ಲ, ಜಗ್ಗಿದರೆ ಜಡತ್ವ ಎದುರಾಗುತ್ತದೆ.

ಮೌಲ್ಯಮಾಪನ

1. ಬೆಳ್ತಂಗಡಿ ತಾಲೂಕಿನ ಶಿಶಿಲದ ಮತ್ಸ್ಯತೀರ್ಥದಲ್ಲಿ ಯಾರೂ ಹಿಡಿಯದೆ ಕಾಪಾಡುವ ದೊಡ್ಡ ಮಹಶೀರ್ ಮೀನುಗಳು ನೀರಿನ ನಡುವೆ ನಿಶ್ಚಲವಾಗಿ ನಿಲ್ಲುವುದು ಹೇಗೆ? (ಗಾಳಿಚೀಲದ ಪಾತ್ರ ತಿಳಿಸಿ.)
2. 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಗಾಳಕ್ಕೆ ಸಿಕ್ಕಿತು. ಅದನ್ನು ದಾರದಿಂದಲೇ ನೀರಿನ ಹೊರಗೆ ಎತ್ತಿದ್ದರೆ ದಾರದ ಮೇಲಿನ ಭಾರ ಎಷ್ಟಾಗುತ್ತಿತ್ತು?

ಹಿನ್ನೋಟ

7 > 4 ಲೆಕ್ಕ ಸರಿ. ಅದನ್ನು ಅನ್ವಯಿಸಿದ ಜಾಗ ತಪ್ಪು. ಅದನ್ನು ತರಗತಿಯ ಎದುರೇ ಒಪ್ಪಿಕೊಂಡೆ. ವಿದ್ಯಾರ್ಥಿಯ ಅನುಭವ ನಮ್ಮ ಲೆಕ್ಕಕ್ಕೆ ಹೊಂದದಿದ್ದಾಗ ‘ಹೇಗೆ ಆಯಿತು?’ ಎಂದು ಮೊದಲು ಕೇಳಬೇಕು ಎಂದು ಪಾಠ ಯೋಜನೆಯ ಅಂಚಿನಲ್ಲಿ ಬರೆದಿಟ್ಟಿದ್ದೇನೆ. ಉಳಿದ ದಿನಗಳಲ್ಲಿ ಆ ಹುಡುಗ ಮುಂದಿನ ಬೆಂಚಿನಲ್ಲಿ ಕುಳಿತ.