ಅಡಗಲು ಬಿಟ್ಟರೆ ಬದುಕುತ್ತದೆ ಮುಗುಡು ಮರಿ

ಕಳೆದ ವರ್ಷ ಆಟಿ ಕಳೆದು ಮಳೆ ಒಂದು ವಾರ ಬಿಟ್ಟಿತ್ತು. ನಮ್ಮ ಬೈಲುಗದ್ದೆಯ ಮೂಲೆಯ ಹೊಂಡ ಬತ್ತುತ್ತಾ ಬಂತು. ಅದರ ಕೆಸರಿನಲ್ಲಿ ಬೆರಳುದ್ದದ ಮುಗುಡು ಮರಿಗಳು, ಹುಣಿಯ ಮೇಲೆ ಕಾದು ಕೂತ ಬೆಳ್ಳಕ್ಕಿಗಳು. ಮಗಳು ಹನ್ನೊಂದು ಮರಿಗಳನ್ನು ಕೊಡಪಾನಕ್ಕೆ ತುಂಬಿಸಿ ಮನೆಗೆ ತಂದಳು. ಅಟ್ಟದಲ್ಲಿ ಹಳೆಯ ಗಾಜಿನ ತೊಟ್ಟಿ ಇತ್ತು. ಸಾಕುವುದೇ ಅಂತ ತೀರ್ಮಾನವಾಯಿತು.

ಹತ್ತು ದಿನದಲ್ಲಿ ಏಳು ಸತ್ತವು. ಉಳಿದ ನಾಲ್ಕರಿಂದ ನಾನು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ನಾನು ಮಾಡಿದ ತಪ್ಪು

ತೊಟ್ಟಿಯನ್ನು ಜಗಲಿಯಲ್ಲಿಟ್ಟು ಮೇಲೊಂದು ಬಲ್ಬು ಹಾಕಿದೆ. ಅಡಿಗೆ ಜಲ್ಲಿ. ಮರಿಗಳು ಮೂಲೆಗೆ ಮುದುಡಿಕೊಂಡರೆ ಕೋಲಿನಿಂದ ಎಬ್ಬಿಸುತ್ತಿದ್ದೆ. ಬಂದ ನೆಂಟರಿಗೆ ಮೀನು ತೋರಿಸಬೇಕಲ್ಲ! ಹಗಲು ಹಾಕಿದ ತಿಂಡಿ ಹಾಗೇ ಉಳಿಯುತ್ತಿತ್ತು. ಹಸಿದಿರಬೇಕು ಎಂದು ಮತ್ತಷ್ಟು ಹಾಕುತ್ತಿದ್ದೆ. ನಾಲ್ಕೈದು ಸತ್ತಾಗ ರೋಗವೆಂದು ತಿಳಿದು ಅಂಗಡಿಯ ಮದ್ದು ಸುರಿದೆ. ಮತ್ತೆರಡು ಹೋದವು.

ತೋಟದ ಕೆಲಸಕ್ಕೆ ಬರುವ ಅಜ್ಜರೊಬ್ಬರು ಇದನ್ನು ನೋಡಿ, "ಅಣ್ಣ, ಅದು ಇರುಳಿನ ಮೀನು. ನೀವು ನಡು ಹಗಲಿನಲ್ಲಿ ಕೂರಿಸಿ ಉಣ್ಣು ಅಂದರೆ ಉಣ್ತದಾ?" ಅಂದರು. ಅಂದೇ ಬಲ್ಬು ತೆಗೆದೆ.

ಮೀನಿನ ಸ್ವಭಾವ

ಪಶ್ಚಿಮ ಘಟ್ಟದ ಈಚೆಗಿನ ನಮ್ಮ ಮುಗುಡಿಗೆ ವಿಜ್ಞಾನಿಗಳು ಇಟ್ಟ ಹೆಸರು ಕ್ಲಾರಿಯಾಸ್ ಡುಸುಮಿಯೇರಿ. ಮೈಗೆ ಹುರುಪೆಯಿಲ್ಲ, ಬರೀ ಲೋಳೆ. ಹಾಗಾಗಿ ಒರಟು ಜಲ್ಲಿಯೂ ಮದ್ದೂ ಬೇಗ ತಾಗುತ್ತವೆ. ನಾಲ್ಕು ಜೊತೆ ಮೀಸೆ ಉಂಟು. ಕಣ್ಣು ಸಣ್ಣದು, ಕತ್ತಲೆಯಲ್ಲಿ ಮೀಸೆಯಿಂದಲೇ ತಡವಿ ಆಹಾರ ಹುಡುಕುತ್ತದೆ. ಕಿವಿರಿನ ಮೇಲ್ಗಡೆ ಗಿಡದ ಕವಲಿನ ಹಾಗಿರುವ ಅಂಗವೊಂದಿದೆ. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುವುದು ಇದರಿಂದಲೇ. ಕೆಸರಿನಲ್ಲೂ ಬದುಕುವ ಗುಟ್ಟು ಇದು.

ಮರಿಗೆ ಬೆಳ್ಳಕ್ಕಿ, ಒಳ್ಳೆ ಹಾವು, ದೊಡ್ಡ ಮೀನು ಎಲ್ಲವೂ ಶತ್ರುಗಳೇ. ಹಗಲು ಅಡಗುವುದು ಅದರ ರೋಗವಲ್ಲ, ಬುದ್ಧಿ. ಅಡಗಲು ಜಾಗ ಸಿಗದ ಮರಿ ಹೆದರಿ ಹೆದರಿ ತಿನ್ನುವುದನ್ನೇ ಬಿಡುತ್ತದೆ.

ತೊಟ್ಟಿಯ ವ್ಯವಸ್ಥೆ

ನಮ್ಮದು ಎರಡಡಿ ಉದ್ದ, ಒಂದೊಂದಡಿ ಅಗಲ ಎತ್ತರದ ತೊಟ್ಟಿ. ನೀರು ಒಂಬತ್ತು ಇಂಚು ಮಾತ್ರ, ಅಂದರೆ ಸುಮಾರು 42 ಲೀಟರ್. ಮೇಲಿನ ಮೂರಿಂಚು ಗಾಳಿಗೆ. ಅಂಚಿನವರೆಗೆ ತುಂಬಿಸಿ ಮುಚ್ಚಿದರೆ ಮೀನು ಉಸಿರುಕಟ್ಟುತ್ತದೆ. ಹಾಗಂತ ತೆರೆದಿಡಬೇಡಿ. ಮುಗುಡು ರಾತ್ರಿ ಹಾರಿ ನೆಲದಲ್ಲಿ ತೆವಳುತ್ತಾ ಹೋಗುತ್ತದೆ. ಬಲೆಯ ಚೌಕಟ್ಟು ಮುಚ್ಚಿ ಮೇಲೊಂದು ಕಲ್ಲು ಹೇರಿ.

ಅಡಿಗೆ ತೊಳೆದ ಹೊಳೆಮರಳು. ಹಿಂದೆ, ಎಡ, ಬಲ ಮೂರು ಕಡೆ ಹೊರಗಿನಿಂದ ಕಪ್ಪು ಕಾಗದ. ಅಡಗುವುದಕ್ಕೆ ಸ್ಪ್ರಿಂಕ್ಲರ್ ಲೈನಿನ ಹಳೆ ಪಿವಿಸಿ ಪೈಪನ್ನು ಗೇಣುದ್ದಕ್ಕೆ ತುಂಡು ಮಾಡಿ, ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ಹಾಕಿದೆ. ಮೀನಿನ ಸಂಖ್ಯೆಗಿಂತ ಒಂದೆರಡು ತುಂಡು ಹೆಚ್ಚೇ ಇರಲಿ. ಇಲ್ಲದಿದ್ದರೆ ಒಂದೇ ಪೈಪಿಗೆ ಜಗಳ.

ಒಂದೇ ಗಾತ್ರದ ಮರಿಗಳನ್ನೇ ಒಟ್ಟಿಗೆ ಇಡಿ. ದೊಡ್ಡದು ಚಿಕ್ಕದನ್ನು ನುಂಗುತ್ತದೆ. ಹಿಡಿಯುವಾಗ ಬಲೆ ಬೇಡ, ಎದೆಯ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಅಗಲ ಬಾಯಿಯ ಪಾತ್ರೆಗೆ ಮೆಲ್ಲ ಓಡಿಸಿ ನೀರಿನ ಸಮೇತ ಎತ್ತಿ. ಬರಿಗೈ ಹಾಕಿದರೆ ಮುಳ್ಳು ಚುಚ್ಚಿ ಚೆನ್ನಾಗಿ ಉರಿಯುತ್ತದೆ.

ಊಟ, ನೀರು

ದೀಪ ಆರಿಸಿದ ಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ ಒಮ್ಮೆ ಆಹಾರ. ಗೊಬ್ಬರದ ಗುಂಡಿಯ ಎರೆಹುಳವನ್ನು ತೊಳೆದು ಸಣ್ಣಗೆ ಕತ್ತರಿಸಿ ಹಾಕುತ್ತೇನೆ. ಬ್ಯಾರೆಲ್ಲಿನ ಸೊಳ್ಳೆ ಮರಿಯೂ ಆಗುತ್ತದೆ. ಮದ್ದು ಬಿಟ್ಟ ತೋಟದ ಹುಳ ಬೇಡ. ಬೆಳಗ್ಗೆ ಉಳಿದದ್ದು ಕಂಡರೆ ತೆಗೆದುಬಿಡಿ, ಆ ರಾತ್ರಿ ಕಡಿಮೆ ಹಾಕಿ. ಕೊಳೆತ ಆಹಾರ, ಮೀನಿನ ಹಿಕ್ಕೆ ಎರಡರಿಂದಲೂ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಕಣ್ಣಿಗೆ ನೀರು ತಿಳಿಯಾಗಿಯೇ ಕಾಣುತ್ತದೆ, ಮೀನು ಸಾಯುತ್ತದೆ. ಮದ್ದಿಗೆ ಮೊದಲೇ ಸತ್ತ ಮರಿಗಳ ಮೇಲೆ ನನಗಿರುವ ಸಂಶಯ ಇದೇ.

ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯಾಗಲು ನಾಲ್ಕೈದು ವಾರ ಬೇಕು. ಅಷ್ಟು ದಿನ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ ಹತ್ತು ಲೀಟರ್ ನೀರು ಬದಲಿಸಿ. ಪೂರ್ತಿ ಬದಲಿಸುವುದು ಬೇಡ. ಹೊಸ ನೀರನ್ನು ಹಿಂದಿನ ಸಂಜೆಯೇ ಸೇದಿ ಬಕೆಟಿನಲ್ಲಿಡಿ. ಬಿಸಿ ತಂಪು ಒಂದೇ ಆಗುತ್ತದೆ. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಒಂದು ದಿನ ಪೂರ್ತಿ ತೆರೆದಿಡಿ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಲ್ಲೇ ಹಿಂಡಿ. ಮಿಕ್ಕ ನೀರು ನಮ್ಮಲ್ಲಿ ಬಸಳೆಯ ಬುಡಕ್ಕೆ.

ಹಗಲು ಅಡಗಿ ರಾತ್ರಿ ಓಡಾಡುವ ಮರಿ ಸುಖವಾಗಿದೆ ಅಂತ ಲೆಕ್ಕ. ನಡುಹಗಲಲ್ಲಿ ಬಯಲಲ್ಲೇ ಬಿದ್ದಿದ್ದರೆ, ಬಿಡದೆ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ, ಮೀಸೆ ಸವೆದಿದ್ದರೆ ಮೊದಲು ನೀರು ನೋಡಿ. ಮದ್ದಿನ ಯೋಚನೆ ಆಮೇಲೆ.

ಹೊರಗೆ ಬಿಡುವ ಮುನ್ನ

ಆರಿಂಚು ದಾಟಿದ ಮುಗುಡಿಗೆ ಈ ತೊಟ್ಟಿ ಸಾಲದು. ಈ ವರ್ಷದ ಮೊದಲ ದೊಡ್ಡ ಮಳೆಗೆ ನಾಲ್ಕನ್ನೂ ಹಿಡಿದ ಗದ್ದೆಯ ಪಕ್ಕದ ತೋಡಿಗೇ ಮುಸ್ಸಂಜೆ ಬಿಟ್ಟೆವು. ಅಂಗಡಿಯ ಮೀನು ಜೊತೆಯಲ್ಲಿ ಇರಲಿಲ್ಲವಾದ್ದರಿಂದ ಧೈರ್ಯ ಮಾಡಿದ್ದು. ಅಂಗಡಿಯಲ್ಲಿ ‘ಸಕ್ಕರ್’ ಎಂದು ಸಿಗುವುದು ದಕ್ಷಿಣ ಅಮೆರಿಕದ ಮೀನು. ಅದನ್ನು ಕೆರೆ ತೋಡಿಗೆ ಬಿಡಲೇಬಾರದು. ಮುಗುಡೆಂದು ಮಾರುವ ಮರಿ ಆಫ್ರಿಕನ್ ಕ್ಯಾಟ್‌ಫಿಶ್ ಆಗಿರಲೂ ಸಾಕು. ಅದನ್ನು ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ನೀರಿಗೆ ಬಿದ್ದರೆ ನಮ್ಮ ಊರ ಮೀನುಗಳನ್ನು ತಿಂದು ಮುಗಿಸುತ್ತದೆ.

ಮೊದಲ ನೆರೆಗೆ ಮುಗುಡು ತೋಡಿನಿಂದ ಗದ್ದೆಗೆ ಹತ್ತುವುದು ಮೊಟ್ಟೆ ಇಡಲಿಕ್ಕೆ. ನಾವು ಕತ್ತಿ, ಬಲೆ ಹಿಡಿದು ಕಾಯುವುದೂ ಆವಾಗಲೇ. ಜೊತೆಗೆ ಗದ್ದೆಯೆಲ್ಲ ತೋಟವಾಗಿದೆ, ಹುಣಿಗೆ ಕಳೆನಾಶಕ ಬಿದ್ದಿದೆ. ಹತ್ತಿ ಬಂದರೂ ಮೊಟ್ಟೆಗೆ ಜಾಗ ಎಲ್ಲಿ?

ಈ ಬಾರಿ ಗದ್ದೆಯ ಮೂಲೆಯ ಹೊಂಡವನ್ನು ಎರಡಡಿ ಆಳ ಮಾಡಿ, ಅರ್ಧಕ್ಕೆ ಮಡಲು ಮುಚ್ಚಿದ್ದೇನೆ. ಆ ಕಡೆಯ ಹುಣಿಗೆ ಮದ್ದು ಬಿಡುವುದಿಲ್ಲ. ಖರ್ಚು ಅರ್ಧ ದಿನದ ಕೆಲಸ. ಹೊಂಡದಲ್ಲಿ ಮರಿ ಉಂಟಾ ಅಂತ ಮಗಳು ದಿನಾ ಹೋಗಿ ನೋಡುತ್ತಾಳೆ. ಟಾರ್ಚು ಹಿಡಿದುಕೊಂಡು, ರಾತ್ರಿಯಲ್ಲಿ.